ಅಂಕಿತವಿಲ್ಲದ ಹಲಗೆ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಆಕೆ ಜೇಡಿಮಣ್ಣನ್ನು ಸುಟ್ಟು ಕಿವಿಯೋಲೆಗಳನ್ನು ಮಾಡಿ ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಾಳೆ. ಬಂದವಳು ಕುಳಿತುಕೊಳ್ಳುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದು, "ನೋಡಿ ಸರ್, ಇದು ನನ್ನ ಓಲೆ. ಮಾರುತ್ತಿರುವವರು ಯಾರೋ!" ಎಂದಳು. ಓಲೆಯ ನಕ್ಷೆ ಮಾತ್ರವಲ್ಲ, ಫೋಟೋ ಕೂಡ ಅವಳದೇ. ಕೆಳಗೆ ಹಾಸಿದ್ದ ಬಟ್ಟೆಯ ಮೇಲಿನ ಕಾಫಿಯ ಕಲೆಯೂ ಹಾಗೆಯೇ ಇತ್ತು. ಮೂಲೆಯಲ್ಲಿದ್ದ ಅವಳ ಅಂಗಡಿಯ ಹೆಸರನ್ನು ಮಾತ್ರ ಕತ್ತರಿಸಿ ಹಾಕಿದ್ದರು. ಬೆಲೆ ಅರ್ಧ.

ಸಮಾಧಾನ ಹೇಳಬೇಕಾಗಿದ್ದ ನಾನು ಮೇಷ್ಟರ ಚಾಳಿಯಂತೆ ಪ್ರಶ್ನೆ ಕೇಳಿಬಿಟ್ಟೆ: "ಈ ಗೋಪುರದ ನಕ್ಷೆ ನಿನಗೆಲ್ಲಿ ಸಿಕ್ಕಿತಮ್ಮಾ?"

"ನಮ್ಮಜ್ಜಿಯ ಕಸೂತಿ ಸೀರೆಯಲ್ಲಿ, ಸರ್" ಎಂದವಳು ಸ್ವಲ್ಪ ಹೊತ್ತು ಸುಮ್ಮನಾದಳು.

ಧಾರವಾಡದ ಕಡೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಹೊಲಿದ ಗೋಪುರ, ತೇರು, ತುಳಸಿಕಟ್ಟೆಗಳಿಗೆ ಯಾರ ಸಹಿಯೂ ಇಲ್ಲ. ಹಾಗಿದ್ದ ಮೇಲೆ ಇವಳು ಮಾಡಿದ್ದು ಸ್ಫೂರ್ತಿ, ಆ ಇನ್ನೊಬ್ಬರು ಮಾಡಿದ್ದು ಕಳವು ಎಂದು ಗೆರೆ ಎಳೆಯುವುದು ಎಲ್ಲಿ? ಪ್ರಶ್ನೆ ನಮ್ಮ ಕಾಲದ್ದೆಂದು ತೋರುತ್ತದೆ. ಆದರೆ ಐನೂರು ವರ್ಷಗಳ ಹಿಂದೆಯೇ ಇದಕ್ಕಾಗಿ ಜಗಳವಾಡಿದವನೊಬ್ಬನಿದ್ದಾನೆ.

ಆತ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಆಲ್ಬ್ರೆಕ್ಟ್ ಡ್ಯೂರರ್. 1471ರಲ್ಲಿ ಅಕ್ಕಸಾಲಿಗನ ಮಗನಾಗಿ ಹುಟ್ಟಿದವನು. ಇಂದು ಅವನನ್ನು ಮಹಾ ಚಿತ್ರಕಾರನೆಂದು ಲೋಕವೇ ಕೊಂಡಾಡುತ್ತದೆ. ಆದರೆ ಅವನ ಸಂಸಾರಕ್ಕೆ ದೊಡ್ಡ ಆಧಾರವಾಗಿದ್ದುದು ಕಾಗದದ ಮೇಲೆ ಅಚ್ಚೊತ್ತಿದ ಬಿಡಿ ಚಿತ್ರಗಳು. ಹೆಂಡತಿ ಆಗ್ನೆಸ್ ಚಿತ್ರಗಳ ಕಟ್ಟನ್ನು ತೆಗೆದುಕೊಂಡು ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗುತ್ತಿದ್ದಳು. ತಾಯಿ ಊರಿನಲ್ಲೇ ಮಾರುತ್ತಿದ್ದಳು. ಹೊರ ಊರುಗಳಲ್ಲಿ ಮಾರಲೆಂದು 1497ರಲ್ಲಿ ಆತ ಕರಾರು ಬರೆಸಿಕೊಂಡು ಆಳನ್ನು ನೇಮಿಸಿದ್ದನು. ಎಂದರೆ, ಅದೊಂದು ಮನೆಮಂದಿಯ ಅಂಗಡಿ. ಚಿತ್ರದಲ್ಲಿ ದೊಡ್ಡದೊಂದು 'ಎ', ಅದರ ಕಾಲುಗಳ ನಡುವೆ ಚಿಕ್ಕ 'ಡಿ': ಇದು ಅಂಗಡಿಯ ಗುರುತು. ಕನ್ನಡ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಇದೇ ಅಂಕಿತ. ನಮ್ಮ ವಚನಕಾರರು ದೇವರ ಹೆಸರನ್ನಿಟ್ಟರು, ಈತ ತನ್ನದನ್ನೇ ಇಟ್ಟುಕೊಂಡನು, ಅಷ್ಟೇ.

ಮರಿಯಮ್ಮನ ಚರಿತ್ರೆಯನ್ನು ಡ್ಯೂರರ್ ಮರದಚ್ಚಿನಲ್ಲಿ ಒಂದು ಮಾಲೆಯಾಗಿ ತರುತ್ತಿದ್ದನು. 1506ರ ಸುಮಾರಿಗೆ ಅದರ 17 ಚಿತ್ರಗಳು ವೆನಿಸ್ ನಗರದಲ್ಲಿ ಇನ್ನೊಬ್ಬನ ಕೈಯಿಂದ ಹೊರಬಿದ್ದವು. ಆತ ಮಾರ್ಕಾಂಟೋನಿಯೊ ರೈಮೊಂಡಿ. ಇವನನ್ನು ಸೋಮಾರಿ ಕಳ್ಳನೆಂದು ತಳ್ಳಿಹಾಕುವಂತಿಲ್ಲ. ಮರದಚ್ಚಿನಲ್ಲಿ ಗೆರೆಯನ್ನು ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯುತ್ತಾರೆ. ತಾಮ್ರದ ತಗಡಿನಲ್ಲಿ ಗೆರೆಯನ್ನೇ ಕೊರೆದು ಅದರೊಳಗೆ ಮಸಿ ತುಂಬುತ್ತಾರೆ. ರೈಮೊಂಡಿ ಮರದ ದಪ್ಪ ಗೆರೆಯನ್ನು ತಾಮ್ರದಲ್ಲಿ ಕೊರೆದು ತೋರಿಸಿದನು. ಕಣ್ಣು ಸೋಲುವ ದುಡಿಮೆ ಅದು. 'ಕೈಯಿಂದಲೇ ಮಾಡಿದ್ದು' ಎಂಬ ಚೀಟಿಯನ್ನು ಆ ನಕಲಿಗೂ ಸುಳ್ಳಿಲ್ಲದೆ ಅಂಟಿಸಬಹುದಾಗಿತ್ತು! ಕೊನೆಗೆ ಡ್ಯೂರರನ ಅಂಕಿತವನ್ನೂ ಹಾಗೆಯೇ ಕೊರೆದನು.

ಮುಂದಿನ ಕಥೆಯನ್ನು ಹೇಳುವವನು ಇಟಲಿಯ ವಸಾರಿ. 1568ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ತನ್ನ ಕಲಾವಿದರ ಚರಿತ್ರೆಯಲ್ಲಿ, ಡ್ಯೂರರ್ ಕೋಪಗೊಂಡು ವೆನಿಸ್ಸಿಗೆ ಬಂದು ಪ್ರಭುತ್ವಕ್ಕೆ ದೂರು ಕೊಟ್ಟನೆಂದೂ, ಮಾರ್ಕಾಂಟೋನಿಯೊ ಇನ್ನು ಮೇಲೆ ಆ ಅಂಕಿತವನ್ನು ಬಳಸಕೂಡದೆಂಬುದಷ್ಟೇ ಅವನಿಗೆ ದಕ್ಕಿದ ನ್ಯಾಯವೆಂದೂ ಬರೆಯುತ್ತಾನೆ. ನ್ಯಾಯಾಲಯದ ಕಾಗದ ಯಾವುದೂ ಉಳಿದಿಲ್ಲ. ವಸಾರಿಗೆ ಕಥೆ ಹೇಳುವ ಉತ್ಸಾಹ ತುಸು ಜಾಸ್ತಿ. ಆದರೆ ಡ್ಯೂರರನ ಸ್ವಂತ ಊರಿನ ದಾಖಲೆ ಇದೇ ಮಾತನ್ನು ಹೇಳುತ್ತದೆ. ಪುರಭವನದ ಬಳಿ ಪರಊರಿನವನೊಬ್ಬ ಡ್ಯೂರರನ ಗುರುತನ್ನು ನಕಲು ಮಾಡಿದ ಚಿತ್ರಗಳನ್ನು ಮಾರುತ್ತಿದ್ದನು. 1512ರ ಜನವರಿಯಲ್ಲಿ ನಗರಸಭೆ ಆಜ್ಞೆ ಹೊರಡಿಸಿತು: ಗುರುತುಗಳನ್ನೆಲ್ಲ ಅಳಿಸಬೇಕು, ಇಲ್ಲವಾದರೆ ಮಾಲು ಜಪ್ತಿ. ಆ ಹಿರಿಯರ ಕಣ್ಣಿಗೆ ಬಿದ್ದದ್ದು ಕೊಳ್ಳುವವನಿಗಾದ ಮೋಸ ಮಾತ್ರ. ರೂಪವನ್ನು ಹುಡುಕಿ ತೆಗೆದವನ ತಿಂಗಳುಗಳಿಗೆ ಬೆಲೆಯುಂಟೆಂದು ಅವರಿಗೆ ತೋರಲಿಲ್ಲ. ಇದು ಅರ್ಧ ನ್ಯಾಯವೆಂದೇ ನನ್ನ ಅಭಿಪ್ರಾಯ.

ಉಳಿದರ್ಧಕ್ಕೆ ಡ್ಯೂರರ್ 1511ರಲ್ಲೇ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಹೆಸರಿನಲ್ಲಿ ಬೇಲಿ ಹಾಕಲು ನೋಡಿದ್ದನು. ಪುಸ್ತಕದ ಕೊನೆಯಲ್ಲಿ, ಪರರ ದುಡಿಮೆಯನ್ನು ಕದಿಯುವವರನ್ನು ಚೆನ್ನಾಗಿ ಬೈದು, ಇವನ್ನು ಮರುಮುದ್ರಿಸುವುದಾಗಲಿ ಸಾಮ್ರಾಜ್ಯದೊಳಗೆ ಮಾರುವುದಾಗಲಿ ಕೂಡದೆಂದು ಅಚ್ಚು ಹಾಕಿಸಿದನು.

ಬೈದವನೇನು ಯಾರ ಮನೆಯ ಬಾಗಿಲನ್ನೂ ತಟ್ಟದವನೇ? 1494ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಇಟಲಿಯ ಮಾಂಟೆನ್ಯನ ಅಚ್ಚುಚಿತ್ರಗಳನ್ನು ಮುಂದಿಟ್ಟುಕೊಂಡು ಗೆರೆಗೆ ಗೆರೆ ಬರೆದಿದ್ದಾನೆ. ಆ ಹಾಳೆಗಳು ಈಗಲೂ ವಿಯನ್ನಾದಲ್ಲಿವೆ. ಅದು ಅಭ್ಯಾಸ, ನಮ್ಮ ಮಕ್ಕಳು ಮಗ್ಗಿ ಬರೆದಂತೆ. ಸಂತೆಗಾಗಿ ಬರೆದದ್ದಲ್ಲ. ಮನುಷ್ಯದೇಹವನ್ನು ಅಳತೆಯಿಂದ ಬರೆಯುವ ಆಸೆ ಹುಟ್ಟಿದ್ದು ಯಾಕೊಪೊ ದೆ ಬಾರ್ಬರಿ ತೋರಿಸಿದ ಎರಡು ಆಕೃತಿಗಳಿಂದ ಎಂಬುದನ್ನು, ಆತ ತನಗೆ ಗುಟ್ಟನ್ನು ಬಿಟ್ಟುಕೊಡಲಿಲ್ಲವೆಂಬ ದೂರಿನೊಡನೆಯೇ, ಹೆಸರು ಹೇಳಿ ಬರೆದಿಟ್ಟಿದ್ದಾನೆ. ಸಾಲ ತೀರಿಸಲಾಗದಿದ್ದರೂ ಸಾಲಗಾರನ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡವನು. ನಮ್ಮ ಕಾವ್ಯಪರಂಪರೆಗೆ ಈ ಲೆಕ್ಕ ಹೊಸದಲ್ಲ. ಸಂಸ್ಕೃತದ ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ, ಅರ್ಥಹರಣಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟನು. ಪಂಪಭಾರತದ ಒಂದು ಆಶ್ವಾಸದಿಂದ ರನ್ನನ 'ಗದಾಯುದ್ಧ' ಬೆಳೆದದ್ದನ್ನು ತರಗತಿಯಲ್ಲಿ ಪ್ರತಿ ವರ್ಷವೂ ಹೇಳುತ್ತೇನೆ. ರನ್ನನನ್ನು ಯಾರೂ ಕಳ್ಳನೆನ್ನಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಡ್ಯೂರರನ ಪಕ್ಷಪಾತಿಯಾದೇನು. ಮರದ ಹಲಗೆಯ ಮೇಲೆ ಗೆರೆ ಬರೆದು ಕೊಡುತ್ತಿದ್ದವನು ಆತ. ಉಳಿ ಹಿಡಿದು ಮರವನ್ನು ಕೆತ್ತುತ್ತಿದ್ದವರು ಹೆಚ್ಚಾಗಿ ಬೇರೆ ಕಸಬುದಾರರು. ಅಂಕಿತದಲ್ಲಿ ಅವರಿಗೆ ಪಾಲಿಲ್ಲ. ಅಜ್ಜಿಯ ಸೀರೆಯ ಗೋಪುರದಂತೆ ಅವರ ಕೈಯೂ ಹೆಸರಿಲ್ಲದೆ ಹೋಯಿತು.

ರೈಮೊಂಡಿ ನಕಲನ್ನೇನೂ ನಿಲ್ಲಿಸಲಿಲ್ಲ. ಕ್ರಿಸ್ತನ ಪಾಡನ್ನು ಕುರಿತ ಡ್ಯೂರರನ ಚಿಕ್ಕ ಮಾಲೆಯನ್ನೂ ತಾಮ್ರಕ್ಕಿಳಿಸಿದನು. ಆದರೆ ಅಲ್ಲಿ ಅಂಕಿತವಿರುತ್ತಿದ್ದ ಪುಟ್ಟ ಹಲಗೆ ಖಾಲಿ. ಕಾನೂನಿಗೆ ತಕರಾರಿಲ್ಲ! ಆ ಬರಿದಾದ ಹಲಗೆಯನ್ನು ನೋಡಿದರೆ, ಮೂಲೆ ಕತ್ತರಿಸಿದ ನಮ್ಮ ಹುಡುಗಿಯ ಫೋಟೋ ನೆನಪಾಗದಿರದು. ಇದೇ ಮನುಷ್ಯ ರೋಮಿಗೆ ಹೋಗಿ ರಫಾಯೆಲನ ಜೊತೆ ಕೆಲಸಕ್ಕೆ ನಿಂತ ಮೇಲೆ, ಮಕ್ಕಳ ಸಂಹಾರದ ಪ್ರಸಿದ್ಧ ಚಿತ್ರದಲ್ಲಿ ಕಲ್ಪಿಸಿದವನು ಅರ್ಬಿನೊ ಊರಿನ ರಫಾಯೆಲ್ ಎಂದು ಬರೆದು, ಪಕ್ಕದಲ್ಲಿ ತನ್ನ ಮೂರು ಅಕ್ಷರಗಳನ್ನು ಕೊರೆದನು. ಒಂದೇ ತಗಡಿನ ಮೇಲೆ ಇಬ್ಬರಿಗೂ ಜಾಗವಿತ್ತು.

ನಮ್ಮಲ್ಲಿ 2000ದ ವಿನ್ಯಾಸ ಕಾಯಿದೆಯಿದೆ. ನೋಂದಾಯಿಸಿದ ಹೊಸ ನಕ್ಷೆಗೆ 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆಯುಂಟು. ತಿಂಗಳಿಗೆ ನಾಲ್ಕು ಬಗೆಯ ಓಲೆ ಮಾಡುವವಳು ಪ್ರತಿಯೊಂದಕ್ಕೂ ಅರ್ಜಿ ಬರೆಯುತ್ತ ಕೂರುತ್ತಾಳೆಯೇ?

ಆಕೆ ಆ ಆನ್‌ಲೈನ್ ಪೇಟೆಯವರಿಗೆ ದೂರು ಬರೆದಳು. ವಾರದೊಳಗೆ ಫೋಟೋ ಮಾಯವಾಯಿತು. ಹದಿನೈದು ದಿನದಲ್ಲಿ ಅದೇ ಓಲೆ ಬೇರೊಂದು ಬಟ್ಟೆಯ ಮೇಲೆ, ಅದೇ ಅರ್ಧ ಬೆಲೆಗೆ ಮತ್ತೆ ಪ್ರತ್ಯಕ್ಷವಾಯಿತು. ವೆನಿಸ್ಸಿನ ತೀರ್ಪೇ! ದೀಪಾವಳಿಯ ಹೊತ್ತಿಗೆ ಅವಳ ಅಂಗಡಿಯನ್ನು ನಾನೇ ತೆರೆದು ನೋಡಿದೆ. ಗೋಪುರದ ಓಲೆಯ ಕೆಳಗೆ ಎರಡು ಸಾಲು ಹೊಸದಾಗಿ ಸೇರಿದ್ದವು: ನಕ್ಷೆ ಕಸೂತಿಯದು, ಅಜ್ಜಿಯ ಸೀರೆಯಿಂದ, ಮಣ್ಣಿನ ಕೆಲಸ ನನ್ನದು. ಫೋನು ಮಾಡಿ ಚೆನ್ನಾಗಿದೆಯಮ್ಮಾ ಎಂದೆ.

"ಅಜ್ಜಿಗೆ ಕಲಿಸಿದವರು ಯಾರೋ ಇದ್ದರಂತೆ ಸರ್. ಅಮ್ಮನಿಗೂ ಅವರ ಹೆಸರು ಗೊತ್ತಿಲ್ಲ" ಎಂದಳು.