ಕನ್ನಡನಾಡಿನ ಧ್ವಜವೂ ಬಳ್ಳಿಗಾವೆಯ ಭೇರುಂಡವೂ

ಶಿವಭಕ್ತರಿಗೆ ಧ್ವಜವೆಂಬುದು ಅಪರಿಚಿತವಾದ ವಸ್ತುವಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಬೀದಿಗಿಳಿದಾಗ ಊರಿಗೆ ಊರೇ ಅವುಗಳೊಡನೆ ನಡೆಯುವುದು. ಮೈಸೂರಿನ ವಿಜಯದಶಮಿಯ ಮೆರವಣಿಗೆಯೂ ನಂದಿಧ್ವಜದ ಪೂಜೆಯಿಂದಲೇ ಆರಂಭವಾಗುವುದು. ಒಂದು ಕೋಲಿನ ನೆರಳಿನಲ್ಲಿ ನೆರೆದವರೆಲ್ಲರಿಗೂ ತಾವು ಒಂದೇ ಬಳಗದವರೆಂಬ ಭಾವನೆ ಹೇಗೆ ಹುಟ್ಟುವುದೆಂಬುದನ್ನು ಅವರಿಗೆ ಬೇರೆ ವಿವರಿಸಬೇಕಾಗಿಲ್ಲ. ಸಮಸ್ತ ಕನ್ನಡನಾಡಿಗೆ ಅಂತಹ ಧ್ವಜವೊಂದು ಇರಬೇಕೆಂಬ ಬಯಕೆಯು ಹಳೆಯದು. ಆ ಬಯಕೆಯು ರೂಪುಗೊಂಡ ಬಗೆಯಾದರೋ ತಕ್ಕಮಟ್ಟಿಗೆ ತೊಡಕಿನದು.

ಕ್ರಿ. ಶ. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ಈ ವಿಚಾರಕ್ಕಾಗಿ ಒಂಬತ್ತು ಮಂದಿಯ ಸಮಿತಿಯನ್ನು ನೇಮಿಸಿತು. ೨೦೧೮ನೆಯ ಮಾರ್ಚ್ ೮ರಂದು ಅಂದಿನ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ಪ್ರಕಟಪಡಿಸಿದ ಧ್ವಜದಲ್ಲಿ ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು ಎಂಬ ಮೂರು ಪಟ್ಟಿಗಳಿದ್ದವು. ಹಳದಿಯು ಕ್ಷಮೆಗೂ, ಬಿಳಿಯು ಶಾಂತಿಗೂ, ಕೆಂಪು ಧೈರ್ಯಕ್ಕೂ ಸಂಕೇತವೆಂದು ವಿವರಿಸಲಾಯಿತು. ಬಿಳಿಯ ಮಧ್ಯದಲ್ಲಿ ರಾಜ್ಯಲಾಂಛನ. ಅದರಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ, ಇಕ್ಕೆಲಗಳಲ್ಲಿ ಗಜಕೇಸರಿಗಳು, ಮೇಲೆ ಅಶೋಕನ ಸಿಂಹಶೀರ್ಷ. ಮೈಸೂರು ಸಂಸ್ಥಾನದ ರಾಜಚಿಹ್ನೆಯಾಗಿದ್ದ ಈ ಇದ್ದಲೆಯ ಪಕ್ಷಿಯೇ ೧೯೫೬ರ ಏಕೀಕರಣದ ತರುವಾಯವೂ ರಾಜ್ಯಲಾಂಛನದಲ್ಲಿ ಉಳಿದುಬಂದಿತು.

ಇಲ್ಲಿಯೇ ಶೈವರಾದವರಿಗೆ ಒಂದು ಶಂಕೆ ಹುಟ್ಟುವುದು ಸಹಜ. ಹಿರಣ್ಯಕಶಿಪುವಿನ ವಧೆಯಾದ ಮೇಲೂ ತಣಿಯದ ನರಸಿಂಹನ ಉಗ್ರವನ್ನು ಶಿವನು ಶರಭರೂಪದಿಂದ ಅಡಗಿಸಿದನೆಂದು ಶೈವಪುರಾಣಗಳು ಹೇಳುತ್ತವೆ. ವೈಷ್ಣವರ ಕಥೆಯು ಅಲ್ಲಿಗೆ ನಿಲ್ಲದೆ, ನರಸಿಂಹನೇ ಗಂಡಭೇರುಂಡನಾಗಿ ಶರಭವನ್ನು ಮೀರಿಸಿದನೆಂದು ಮುಂದುವರಿಯುತ್ತದೆ. ಹಾಗಾದರೆ ಇದು ಶಿವನನ್ನು ಗೆದ್ದ ಪಕ್ಷಿಯಲ್ಲವೆ, ಇದನ್ನು ಶಿವಭಕ್ತರು ತಮ್ಮ ನಾಡಿನ ಧ್ವಜದಲ್ಲಿ ಹೇಗೆ ವಂದಿಸಬೇಕು ಎಂದು ಯಾರಾದರೂ ಕೇಳಿದರೆ ಉತ್ತರವನ್ನು ಪುರಾಣದಲ್ಲಿ ಹುಡುಕುವುದಕ್ಕಿಂತ ಶಿಲೆಯಲ್ಲಿ ಹುಡುಕುವುದು ಲೇಸು.

ಆ ಶಿಲೆಯು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದೆ. ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಶರಣಪರಂಪರೆಯು ನೆನೆಯುವ ಊರು ಅದು; ಕಾಳಾಮುಖ ಯತಿಗಳ ಕೋಡಿಯ ಮಠವು ವಿದ್ಯೆಗೂ ಅನ್ನದಾನಕ್ಕೂ ಹೆಸರಾಗಿದ್ದುದು ಅಲ್ಲಿಯೇ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯನು ಕ್ರಿ. ಶ. ೧೦೪೭ರಲ್ಲಿ ಎತ್ತರವಾದ ಕಂಬವೊಂದನ್ನು ನಿಲ್ಲಿಸಿ, ಅದರ ತುದಿಯಲ್ಲಿ ಮನುಷ್ಯದೇಹವೂ ಎರಡು ಪಕ್ಷಿಶಿರಗಳೂ ಉಳ್ಳ ಭೇರುಂಡನನ್ನು ಇರಿಸಿದನು. ಗಮನಿಸತಕ್ಕ ಮಾತೆಂದರೆ, ಅವನು ಕಂಬವನ್ನು ನೆಡಿಸಿದ್ದು ಜಗದೇಕಮಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ. ಶಿವನನ್ನು ಸೋಲಿಸಿದ ಪಕ್ಷಿಯೆಂಬ ಭಾವನೆ ಅಂದಿನವರಿಗೆ ಇದ್ದಿದ್ದರೆ ಶಿವನ ಬಾಗಿಲಿನಲ್ಲಿಯೇ ಅದನ್ನು ನಿಲ್ಲಿಸುತ್ತಿದ್ದರೆ?

ಮುಂದೆ ವಿಜಯನಗರದ ಅಚ್ಯುತದೇವರಾಯನು (೧೫೨೯–೧೫೪೨) ಆನೆಗಳನ್ನು ಕಚ್ಚಿ ಹಿಡಿದ ಗಂಡಭೇರುಂಡವನ್ನು ತನ್ನ ನಾಣ್ಯಗಳಲ್ಲಿ ಮುದ್ರಿಸಿದನು, ಅವನು ವೈಷ್ಣವಭಕ್ತ. ವೀರಶೈವರಾದ ಕೆಳದಿಯ ನಾಯಕರಾದರೋ ಹಿಂಜರಿಯದೆ ತಮ್ಮ ರಾಮೇಶ್ವರ-ವೀರಭದ್ರ ದೇವಾಲಯಸಮೂಹದ ಮೇಲ್ಛಾವಣಿಯಲ್ಲಿ ಅದೇ ಪಕ್ಷಿಯನ್ನು ಕೆತ್ತಿಸಿದರು. ಕಥೆಯಲ್ಲಿ ಒಂದು ಪಂಗಡಕ್ಕೆ ಸೇರಿದ ಭೇರುಂಡವು ಆಳುವವರ ಕೈಯಲ್ಲಿ ಪರಾಕ್ರಮದ ಗುರುತಾಗಿ ಎಲ್ಲರದಾಯಿತು.

ಬಣ್ಣಗಳ ಚರಿತ್ರೆಯಾದರೋ ಈಚಿನದು. ಅರಿಸಿನ-ಕುಂಕುಮದ ಎರಡು ಬಣ್ಣದ ಬಾವುಟವನ್ನು ೧೯೬೦ರ ದಶಕದಲ್ಲಿ ರೂಢಿಗೆ ತಂದವರು ಕನ್ನಡ ಹೋರಾಟಗಾರರಾದ ಮ. ರಾಮಮೂರ್ತಿಗಳು. ಯಾವ ರಾಜಾಜ್ಞೆಯೂ ಇಲ್ಲದೆ ಅದು ಹಳ್ಳಿಹಳ್ಳಿಗೂ ಹಬ್ಬಿತು. ಎರಡು ತುಂಡು ಅರಿವೆಯಿದ್ದರೆ ಯಾವ ಗೃಹಿಣಿಯಾದರೂ ಅದನ್ನು ಹೊಲಿದುಕೊಳ್ಳಬಲ್ಲಳು. ಲಾಂಛನವುಳ್ಳ ಮೂರು ಬಣ್ಣದ ಧ್ವಜಕ್ಕೆ ಮುದ್ರಣಾಲಯವೇ ಬೇಕು. ಈ ಸೌಲಭ್ಯವನ್ನು ಸಮಿತಿಯವರು ಇನ್ನಷ್ಟು ಎಣಿಕೆಗೆ ತೆಗೆದುಕೊಳ್ಳಬಹುದಾಗಿತ್ತು. ಸರ್ಕಾರಿ ಕಟ್ಟಡಗಳ ಮೇಲೆ ಎರಡು ಬಣ್ಣದ ಬಾವುಟವನ್ನು ಹಾರಿಸಬೇಕೆಂದು ೨೦೧೨ರಲ್ಲಿ ಹೊರಟ ಆದೇಶವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಸರ್ಕಾರವೇ ಅದನ್ನು ಹಿಂದಕ್ಕೆ ಪಡೆಯಿತು.

ರಾಜ್ಯಗಳು ತಮ್ಮದೇ ಧ್ವಜವನ್ನು ಹೊಂದಬೇಕೆಂದಾಗಲಿ ಹೊಂದಬಾರದೆಂದಾಗಲಿ ಭಾರತದ ಸಂವಿಧಾನವು ಬಾಯಿಬಿಟ್ಟು ಹೇಳಿಲ್ಲ. ಜಮ್ಮು ಮತ್ತು ಕಾಶ್ಮೀರಕ್ಕೆ ೧೯೫೨ರಿಂದ ಇದ್ದ ನೇಗಿಲಿನ ಗುರುತಿನ ಕೆಂಪು ಧ್ವಜವು ೨೦೧೯ರಲ್ಲಿ ಇಳಿಯಿತು. ಕರ್ನಾಟಕದ ಮೂರು ಬಣ್ಣದ ಧ್ವಜದ ಪ್ರಸ್ತಾವವು ೨೦೧೮ರಲ್ಲಿಯೇ ದೆಹಲಿಯನ್ನು ಸೇರಿದರೂ ಕೇಂದ್ರದ ಒಪ್ಪಿಗೆ ದೊರೆತಿಲ್ಲ. ಪ್ರತಿ ವರ್ಷ ನವೆಂಬರ್ ೧ರಂದು ಊರೂರುಗಳಲ್ಲಿ ಏರುತ್ತಿರುವುದು ರಾಮಮೂರ್ತಿಗಳ ಎರಡು ಬಣ್ಣದ ಬಾವುಟವೇ.