ಹೆಸರಿಲ್ಲದ ಶುಶ್ರೂಷೆ: ಭರಮಸಾಗರ ಸೀಮೆಯಲ್ಲಿ ಮರುಳು, ಮರೆವು ಮತ್ತು ಆರೈಕೆ

ಚಿತ್ರದುರ್ಗದಿಂದ ದಾವಣಗೆರೆಗೆ ಸಾಗುವ ಹೆದ್ದಾರಿಯಲ್ಲಿರುವ ಭರಮಸಾಗರವು ದುರ್ಗದ ಭರಮಣ್ಣನಾಯಕನ ಹೆಸರನ್ನು ಹೊತ್ತ ಊರು. ಈ ಸೀಮೆಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಪಾಳೆಯಗಾರರ, ಕೋಟೆಗಳ, ಕೆರೆಕಟ್ಟೆಗಳ ಮೂಲಕ ಓದಿಕೊಂಡು ಬಂದಿದ್ದೇವೆ. ಬುದ್ಧಿ ಮಂಕಾದವರನ್ನು, ಭ್ರಮೆಗೆ ಒಳಗಾದವರನ್ನು ಮನೆಯ ಒಳಗೆ ಯಾರು, ಹೇಗೆ ಕಾಪಾಡಿಕೊಂಡು ಬಂದರು ಎಂಬುದು ಈ ಚರಿತ್ರೆಯ ಹೊರಗೇ ಉಳಿದಿದೆ. ಆ ಆರೈಕೆಯ ಜನಪದ ನೆಲೆಗಳನ್ನು ಗುರುತಿಸಿ, ರಾಜ್ಯದ ಮಾನಸಿಕ ಆರೋಗ್ಯ ಸಂಸ್ಥೆಗಳ ಚರಿತ್ರೆಯೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಶಬ್ದಗಳನ್ನು ಗಮನಿಸಬಹುದು. ಶಿಷ್ಟ ಬಳಕೆಯಲ್ಲಿ ‘ಹುಚ್ಚು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವ ಸ್ಥಿತಿಗಳನ್ನು ಜನಪದರು ಬೇರೆ ಬೇರೆಯಾಗಿ ಕಂಡಿದ್ದಾರೆ. ವಯಸ್ಸಾದವರ ಮರೆವು ‘ಅರಳು ಮರಳು’. ಇದು ರೋಗವಲ್ಲ, ವಯಸ್ಸಿನ ಧರ್ಮ ಎಂಬ ಕ್ಷಮೆ ಆ ಮಾತಿನಲ್ಲಿದೆ. ‘ಪಿತ್ತ ನೆತ್ತಿಗೇರಿತು’ ಎಂದಾಗ ಕಾರಣ ದೇಹದಲ್ಲಿದೆ. ಎಣ್ಣೆ, ತಂಪು, ಪಥ್ಯಗಳ ದಾರಿ ತೆರೆಯುತ್ತದೆ. ‘ಗಾಳಿ ಸೋಕಿದೆ’ ಎಂದಾಗ ಕಾರಣ ಹೊರಗಿದೆ. ದೈವದ ಕಡೆಗೆ ದಾರಿ ಹೊರಳುತ್ತದೆ. ಹೀಗೆ ಒಂದೊಂದು ಹೆಸರೂ ಒಂದೊಂದು ಬಗೆಯ ಉಪಚಾರವನ್ನು ನಿರ್ದೇಶಿಸುತ್ತದೆ. ‘ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯಂತೂ ಮದುವೆಯನ್ನೇ ಮದ್ದೆಂದು ನಂಬಿದ ಸಮಾಜದ ಇಕ್ಕಟ್ಟನ್ನು ನಗುತ್ತಲೇ ಬಯಲು ಮಾಡುತ್ತದೆ. ಆ ನಂಬಿಕೆಗೆ ಬಲಿಯಾದ ಹೆಣ್ಣುಮಕ್ಕಳ ಪಾಲಿಗೆ ಇದು ನಗೆಯ ಮಾತಲ್ಲ.

ರೋಗಕ್ಕೆ ಇಷ್ಟು ಹೆಸರುಗಳಿದ್ದರೂ ಅದರ ಆರೈಕೆಗೆ ಒಂದೂ ಹೆಸರಿಲ್ಲ. ಹೆತ್ತವಳ ಆರೈಕೆಗೆ ‘ಬಾಣಂತನ’ ಎಂಬ ತುಂಬಿದ ಶಬ್ದವಿದೆ. ಅದಕ್ಕೆ ತನ್ನದೇ ಅಡುಗೆ, ಅವಧಿ, ಹಾಡುಗಳಿವೆ. ಹೆರಿಗೆ ಮಾಡಿಸುವವಳಿಗೆ ‘ಸೂಲಗಿತ್ತಿ’ ಎಂಬ ಗೌರವದ ಹೆಸರಿದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಆ ಹೆಸರು ದೇಶಕ್ಕೇ ಪರಿಚಯವಾಯಿತು. ಮತಿ ತಪ್ಪಿದವರನ್ನು ವರ್ಷಗಟ್ಟಲೆ ಕಾಯುವವಳದು ಮಾತ್ರ ಬರಿಯ ‘ನೋಡಿಕೊಳ್ಳುವುದು’. ಹೆಸರಿಲ್ಲದ ಕೆಲಸ ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದ್ದು ಚರಿತ್ರೆಗೂ ಸಿಗುವುದಿಲ್ಲ.

ಹೆಸರಿಲ್ಲವೆಂದ ಮಾತ್ರಕ್ಕೆ ತಿಳಿವಳಿಕೆ ಇಲ್ಲವೆಂದಲ್ಲ. ಭರಮಸಾಗರದ ಆಸುಪಾಸಿನಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಒಂದು ಮನೆಯಲ್ಲಿ ಕಂಡ ಸಂಗತಿ ಇಲ್ಲಿ ಉಲ್ಲೇಖನೀಯ. ಮರೆವಿನ ಮುದುಕಿಯೊಬ್ಬರು ಪ್ರತಿ ಸಂಜೆ, ಎಂದೋ ಮಾರಿಹೋದ ಎಮ್ಮೆಗಳನ್ನು ಕೇಳುತ್ತಿದ್ದರು: ‘ಎಮ್ಮೆ ಮನೆಗೆ ಬಂದ್ವೇನೇ?’ ಸೊಸೆಯ ಉತ್ತರ ದಿನವೂ ಒಂದೇ: ‘ಮೇವು ಹಾಕೈತೆ ಅತ್ತೆಮ್ಮ, ನೀವು ಉಣ್ಣಾಕೆ ಬರ್ರಿ.’ ಇಲ್ಲದ ಎಮ್ಮೆಯ ಬಗ್ಗೆ ವಾದಕ್ಕಿಳಿಯದೆ, ಅದರ ಹಿಂದಿದ್ದ ಹೊಣೆಗಾರಿಕೆಯ ಆತಂಕಕ್ಕೆ ಆಕೆ ಉತ್ತರಿಸುತ್ತಿದ್ದಳು. ಮರೆವಿನ ರೋಗಿಯ ತಪ್ಪನ್ನು ತಿದ್ದಲು ಹೋಗಬಾರದು, ಮಾತಿನ ಹಿಂದಿನ ಭಾವಕ್ಕೆ ಸ್ಪಂದಿಸಬೇಕು ಎಂದು ಇಂದಿನ ಶುಶ್ರೂಷಾಶಾಸ್ತ್ರ ಹೇಳುವುದೂ ಇದನ್ನೇ.

ಸಂಶಯದ ಭ್ರಮೆ ಇದಕ್ಕಿಂತ ಕಠಿಣವಾದದ್ದು. ಅನ್ನದಲ್ಲಿ ‘ಮದ್ದು ಹಾಕಿದ್ದಾರೆ’ ಎಂದು ರೋಗಿ ತಟ್ಟೆಯನ್ನು ದೂಡುತ್ತಾನೆ. ಶುಶ್ರೂಷಕಿ ಇಲ್ಲಿ ಭ್ರಮೆಯನ್ನು ಒಪ್ಪುವಂತಿಲ್ಲ, ಹಳಿಯುವಂತೆಯೂ ಇಲ್ಲ. ಭಯವನ್ನು ಮಾತ್ರ ಒಪ್ಪಿಕೊಂಡು, ಅವನೇ ಬಡಿಸಿಕೊಳ್ಳಲು ಬಿಡಬೇಕು. ಅದೇ ತಟ್ಟೆಯ ಮೊದಲ ತುತ್ತನ್ನು ತಾನು ಉಂಡು ತೋರಿಸುವ ತಾಯಂದಿರು ಕಲಿಯದೆಯೇ ಇದರ ಸಮೀಪಕ್ಕೆ ಬಂದಿದ್ದಾರೆ. ಆದರೆ ಮದ್ದಿನ ನಂಬಿಕೆ ಇಡೀ ಸಮುದಾಯದ್ದು. ನಂಬಿಕೆ ಎಲ್ಲಿ ಮುಗಿಯಿತು, ರೋಗ ಎಲ್ಲಿ ಮೊದಲಾಯಿತು ಎಂಬುದು ಮನೆಯವರಿಗೆ ತಿಳಿಯುವುದಿಲ್ಲ. ಮದ್ದು ತೆಗೆಸಲು ಅಲೆಯುವಷ್ಟರಲ್ಲಿ ಚಿಕಿತ್ಸೆಯ ಹೊತ್ತು ಮೀರಿರುತ್ತದೆ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಅಂದಿನ ದಕ್ಷಿಣ ಕನ್ನಡದ ಕೋಟ ಗ್ರಾಮವನ್ನು ಕುರಿತು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯ, ಮಂತ್ರವಾದಿ, ಪಾತ್ರಿಗಳ ಬಳಿಗೆ ಹೋಗುವ ಜನರ ಚಿತ್ರ ವಿವರವಾಗಿ ಬಂದಿದೆ.

ಸಂಸ್ಥೆಗಳ ಚರಿತ್ರೆ ಬೇರೊಂದು ದಾರಿಯಲ್ಲಿ ನಡೆಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚರ ಆಶ್ರಯಧಾಮವು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಇವೆರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಐವತ್ತರ ದಶಕದಲ್ಲೇ ಇಲ್ಲಿ ಮನೋರೋಗ ಶುಶ್ರೂಷೆಯ ತರಬೇತಿ ಮೊದಲಾದುದು ಮಹತ್ವದ ಸಂಗತಿ. ಕಾವಲಿನವನ ಜಾಗಕ್ಕೆ ಕಲಿತ ದಾದಿ ಬಂದಳು.

ಕುಟುಂಬವನ್ನು ಆಸ್ಪತ್ರೆಯು ಗುರುತಿಸಿದ್ದೂ ಅದೇ ದಶಕದಲ್ಲಿ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದ ಡೇರೆಗಳಲ್ಲಿ ಬಂಧುಗಳನ್ನು ರೋಗಿಗಳೊಡನೆ ಇರಿಸಿದರು. ವೆಲ್ಲೂರಿನಲ್ಲಿಯೂ ಈ ಪದ್ಧತಿ ಬೆಳೆಯಿತು, ಮುಂದೆ ನಿಮ್ಹಾನ್ಸ್‌ನಲ್ಲಿ ಕುಟುಂಬ ವಾರ್ಡುಗಳಾದವು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಳಿಕ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಾರ್ಯಕರ್ತರನ್ನೂ ಈ ಕೆಲಸಕ್ಕೆ ಅಣಿಗೊಳಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಈ ಬಳ್ಳಾರಿಯೇ.

ಜನಪದ ಆರೈಕೆಯನ್ನು ಕೊಂಡಾಡುವ ಉತ್ಸಾಹದಲ್ಲಿ ಅದರ ಕತ್ತಲೆಯನ್ನು ಮುಚ್ಚಿಡಲಾಗದು. ಆರೈಕೆ ಸೋತಲ್ಲಿ ಸರಪಳಿ ಬಂದಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸರಪಳಿಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಆದರೆ ಹಗಲು ಕೂಲಿಗೆ ಹೋಗಬೇಕಾದ ಒಂಟಿ ತಾಯಿ ಮಗನನ್ನು ಕಂಬಕ್ಕೆ ಕಟ್ಟಿದರೆ ಅದು ಕ್ರೌರ್ಯವಷ್ಟೇ ಅಲ್ಲ. ಅವಳಿಗೆ ಬದಲಿ ಕೈ ಇಲ್ಲವೆಂಬುದಕ್ಕೆ ಸಾಕ್ಷಿಯೂ ಹೌದು. ನಿಷೇಧದ ಜೊತೆಗೆ ಆ ಕೈಯನ್ನೂ ಒದಗಿಸಬೇಕು.

ಇದು ಮುಗಿದ ಚರಿತ್ರೆಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಬುದ್ಧಿಮಾಂದ್ಯದ ಮರೆವಿಗೆ ಒಳಗಾಗಿದ್ದಾರೆ. ಈ ಪ್ರಮಾಣ ಹೆಂಗಸರಲ್ಲಿ, ಹಳ್ಳಿಗಳಲ್ಲಿ ಹೆಚ್ಚು. ‘ಅರಳು ಮರಳು’ ಎಂಬ ಮಾತಿನ ಕ್ಷಮೆಯನ್ನು ಉಳಿಸಿಕೊಂಡು, ಅದರೊಳಗಿನ ಉಪೇಕ್ಷೆಯನ್ನು ಬಿಡಬೇಕಾದ ಕಾಲವಿದು.

2017ರ ಕಾಯಿದೆ ರೋಗಿಯೊಡನೆ ವಾಸಿಸುತ್ತ ಅವನ ಹೊಣೆ ಹೊರುವವರನ್ನು, ಸಂಬಳ ಪಡೆಯಲಿ ಬಿಡಲಿ, ಆರೈಕೆದಾರರೆಂದು ವ್ಯಾಖ್ಯಾನಿಸಿದೆ. ಎಮ್ಮೆಗೆ ಮೇವು ಹಾಕೈತೆ ಎಂದ ಸೊಸೆಗೆ ಕಾನೂನಿನಲ್ಲಾದರೂ ಒಂದು ಹೆಸರು ದೊರೆತಿದೆ. ಆಕೆ ತನ್ನ ಅನುಭವದಿಂದ ಗಳಿಸಿದ ತಿಳಿವಳಿಕೆಯನ್ನು ದಾಖಲಿಸುವ ಹೊಣೆ ಮಾತ್ರ ಜಾನಪದ ಸಂಶೋಧಕರ ಮೇಲಿದೆ.