ಗಾಲ್ಫ್ ಮೈದಾನವೆಂಬ ನೀರಿನ ಲೆಕ್ಕ

ನಾನು ಗಾಲ್ಫ್ ಆಡಿದವನಲ್ಲ, ಗಾಲ್ಫ್ ಕೋರ್ಸಿಗೆ ಹುಲ್ಲು ಬೆಳೆಸಿದವನು. ಅಂಕೋಲೆಯ ಹೊಳೆಮುಖದ ಗಜನಿ ಗದ್ದೆಯ ಮನೆತನ ನಮ್ಮದು. ಬೆಂಗಳೂರಿಗೆ ಹೋಗಿ ಈ ಕೆಲಸ ಹಿಡಿದ ಮೇಲೆ ಊರಿಗೆ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅಷ್ಟು ಜಾಗದ ಮಳೆನೀರು ಎಲ್ಲಿಗೆ ಹೋಗ್ತದೋ?" ಆಟದ ಗಂಧವೇ ಇಲ್ಲದ ಅಪ್ಪ ಗಾಲ್ಫ್ ಮೈದಾನದ ಇತಿಹಾಸದ ಬುಡಕ್ಕೇ ಕೈ ಹಾಕಿದ್ದರು.

ಮೊದಲ ಮೈದಾನಗಳನ್ನು ಯಾರೂ ಕಟ್ಟಲಿಲ್ಲ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಮುದ್ರಕ್ಕೂ ಹೊಲಕ್ಕೂ ನಡುವೆ ಬೇಸಾಯಕ್ಕೆ ಬಾರದ ಮರಳುದಿಬ್ಬಗಳಿದ್ದವು. ಕುರಿಗಳು ಮೇಯ್ದು ಹುಲ್ಲು ಗಿಡ್ಡವಾಗಿರುತ್ತಿತ್ತು. ಎಷ್ಟು ಮಳೆ ಬಿದ್ದರೂ ಮರಳು ಇಂಗಿಸಿಕೊಳ್ಳುತ್ತಿತ್ತು. ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಹೋಲ್ (ಚೆಂಡು ಬೀಳಿಸುವ ಗುಳಿ) ಆಡುತ್ತಿದ್ದರು. 1764ರಲ್ಲಿ ಕೆಲವನ್ನು ಕೂಡಿಸಿ 18ಕ್ಕೆ ಇಳಿಸಿದರು. ಕೊನೆಗೆ ಜಗತ್ತಿಗೆಲ್ಲ ಅದೇ ಲೆಕ್ಕವಾಯಿತು. ಅಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್ ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಮೇಲೆ ಆಗಾಗ ಮರಳು ಹರವಿ ಹುಲ್ಲನ್ನು ಹದಕ್ಕೆ ತಂದ. 'ಟಾಪ್ ಡ್ರೆಸಿಂಗ್' ಎಂದು ನಾವು ಇಂದಿಗೂ ಮಾಡುವುದು ಅದನ್ನೇ.

ಸಮುದ್ರದಂಡೆಯ ಈ ಆಟ ಬ್ರಿಟಿಷರ ಜೊತೆ ಹಡಗು ಹತ್ತಿ ಬಂದಿತಾದರೂ ನಮ್ಮ ಸಮುದ್ರದಂಡೆಯಲ್ಲಿ ಬೇರೂರಲಿಲ್ಲ. ಸಾಹೇಬರ ದಂಡು ಎಲ್ಲಿತ್ತೋ ಅಲ್ಲಿಗೆ ಆಟವೂ ಹೋಯಿತು. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಕ್ಲಬ್ಬುಗಳು ಹುಟ್ಟಿದವು. 1876 ಎಂದರೆ ಧಾತು ಸಂವತ್ಸರ. ಮೈಸೂರು ಸೀಮೆಯನ್ನು ಬರಿದು ಮಾಡಿದ ಬರ ಶುರುವಾದದ್ದೂ ಅದೇ ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಕುಸಿದಿತ್ತು. ಕುಡಿಯುವ ನೀರಿಗೇ ಕಷ್ಟವಿರುವ ಇಂಥ ಒಣನಾಡುಗಳಲ್ಲಿ ಹಸಿರು ಗ್ರೀನ್ ಸಾಕುವುದು ಹೇಗೆ? ಅದಕ್ಕೊಂದು ಉಪಾಯ ಹುಡುಕಿದರು. ಹುಲ್ಲಿನ ಬದಲು ಮರಳಿಗೆ ಎಣ್ಣೆ ಬೆರೆಸಿ, ಉರುಳೆ ಹೊಡೆದು, ಗುಡಿಸಿ ಸಪಾಟು ಮಾಡುತ್ತಿದ್ದರು. ಅದರ ಹೆಸರೇ 'ಬ್ರೌನ್'. ನಮ್ಮ ದೇಶದ ಎಷ್ಟೋ ಹಳೆಯ ಮೈದಾನಗಳಲ್ಲಿ ಚೆಂಡು ಉರುಳಿದ್ದು ಈ ಕಂದು ಮರಳಿನ ಮೇಲೆಯೇ.

ಬೆಂಗಳೂರಿನಲ್ಲಿ ವಿನ್ಯಾಸಕಾರನನ್ನು ಕರೆಸಿ ಕಟ್ಟಿಸಿದ ದೊಡ್ಡ ಮೈದಾನಗಳಲ್ಲಿ ಒಂದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನದು. ವಿನ್ಯಾಸ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್‌ನದು. ಬ್ರಿಟಿಷ್ ಓಪನ್ ಐದು ಸಲ ಗೆದ್ದವನು, 1964ರ ಮೊಟ್ಟಮೊದಲ ಇಂಡಿಯನ್ ಓಪನ್ ಗೆದ್ದವನೂ ಅವನೇ. ಜಾಗ ಮಾತ್ರ ಚಲ್ಲಘಟ್ಟ ಕೆರೆಯ ಅಂಗಳ. ಕೆರೆಯ ಅಂಗಳವೆಂದರೆ ಸುತ್ತಲಿನ ಮಳೆನೀರೆಲ್ಲ ಬಂದು ನಿಲ್ಲುವ ತಗ್ಗು. ಅಲ್ಲಿ ಹುಲ್ಲು ನಿಲ್ಲಬೇಕಾದರೆ ನೀರಿಗೆ ಬೇರೆ ದಾರಿ ತೋರಿಸಲೇಬೇಕು. ಒಂದು ಕೆರೆ ಹೋಗಿ ಒಂದು ಆಟದ ಬಯಲು ಬಂತೆಂಬುದನ್ನು ನಗರ ಮರೆಯಬಾರದು.

ಗ್ರೀನ್ ಕಟ್ಟುವುದನ್ನು ನೋಡದವರು ಅದನ್ನು ಬರೀ ಹುಲ್ಲುಹಾಸು ಎಂದುಕೊಳ್ಳುತ್ತಾರೆ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಪ್ರಕಟಿಸಿದ ಕ್ರಮವೇ ಈಗ ಹೆಚ್ಚು ಕಡೆ ಮಾದರಿ. ನೆಲ ಅಗೆದು ತಳದಲ್ಲಿ ಕಾಲುವೆ ತೋಡಿ ತೂತಿನ ಪೈಪು ಇಡಬೇಕು. ಅದರ ಮೇಲೆ 4 ಅಂಗುಲ ಜಲ್ಲಿ, ಜಲ್ಲಿಯ ಮೇಲೆ 12 ಅಂಗುಲ ಮರಳಿನ ಮಿಶ್ರಣ. ಮರಳು ಪೂರ್ತಿ ತೊಯ್ಯುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ. ತೊಯ್ದ ಮೇಲೆ ನಿಲ್ಲುವುದೂ ಇಲ್ಲ. ಹೀಗಾಗಿ ಬಿಸಿಲಿನಲ್ಲಿ ಬೇರಿಗೆ ತೇವ ಸಿಗುತ್ತದೆ, ಮಳೆಯಲ್ಲಿ ಬೇರು ಕೊಳೆಯದು. ಇದರ ಮೇಲೆ ನಾಟಿ ಮಾಡುವ ಟಿಫ್‌ಡ್ವಾರ್ಫ್ ಹುಲ್ಲು 1965ರಲ್ಲಿ ಅಮೆರಿಕದ ಟಿಫ್ಟನ್ನಿನಿಂದ ಬಿಡುಗಡೆಯಾದ ತಳಿ. ಅದರ ಒಂದು ಕಡೆಯ ಮೂಲ ನಾವು ಗಣಪತಿಗೆ ಏರಿಸುವ ಗರಿಕೆ, ಇನ್ನೊಂದು ಕಡೆಯದು ಆಫ್ರಿಕದ ಅದರ ದಾಯಾದಿ. ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದರೂ ಸಾಯದ ಹುಲ್ಲು ಅದು.

ಇದನ್ನೆಲ್ಲ ಕಲಿಯುವಾಗ ನನಗೇನೂ ಹೊಸತೆನಿಸಲಿಲ್ಲ. ಗಂಗಾವಳಿ, ಕಾಳಿ ಹೊಳೆಗಳ ಮುಖದ ಗಜನಿಗಳಲ್ಲಿ ನಮ್ಮವರು ಒಡ್ಡು ಹಾಕಿ, ತೂಬಿಗೆ ಹಲಗೆ ಕೂರಿಸಿ, ಉಬ್ಬರದ ಉಪ್ಪುನೀರು ಒಳಬಾರದಂತೆ, ಇಳಿತದಲ್ಲಿ ಮಳೆನೀರು ಹೊರಹೋಗುವಂತೆ ನೋಡಿಕೊಂಡವರು. ಮಳೆಗಾಲದಲ್ಲಿ ಮಣ್ಣಿನ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಿದ್ದರು. ಇಳಿಜಾರು ನೋಡಲು ಅವರಿಗೆ ಲೆವೆಲ್ ಯಂತ್ರ ಬೇಕಾಗಿರಲಿಲ್ಲ, ನೀರನ್ನೇ ಬಿಟ್ಟು ನೋಡುತ್ತಿದ್ದರು. ಬೆಂಗಳೂರಿನ ಎಂಜಿನಿಯರರು ಫೇರ್‌ವೇ ಎಂಬ ಹುಲ್ಲುಹಾದಿಗೆ 100 ಅಡಿಗೆ 2 ಅಡಿ ಇಳಿಜಾರು ಇರಲಿ ಎಂದಾಗ, ಅದು ನಮ್ಮ ಅಪ್ಪನ ಕಣ್ಣಳತೆಯ ಮಾತೇ ಅನಿಸಿತ್ತು.

ಈಗ ಊರಿನ ಹುಡುಗರು ಕೇಳುತ್ತಾರೆ: "ಗೋವಾದಲ್ಲಿ ಆಗ್ತದೆ, ನಮ್ಮಲ್ಲಿ ಯಾಕಾಗೂದಿಲ್ಲ ಮಾಮಾ?" ಕಾರವಾರದಿಂದ ಗಡಿ ದಾಟಿದರೆ ಕಾಣಕೋಣದ ರಾಜಬಾಗದಲ್ಲಿ, ಸಮುದ್ರದ ಪಕ್ಕದ ರೆಸಾರ್ಟಿನಲ್ಲಿ 9 ಹೋಲಿನ ಮೈದಾನವಿರುವುದು ನಿಜ. ಅದೇ ಗೋವಾದ ಉತ್ತರ ತುದಿಯ ತೇರೆಖೋಲಿನಲ್ಲಿ ಗಾಲ್ಫ್ ಯೋಜನೆಯ ವಿರುದ್ಧ ಊರವರು ಎದ್ದುನಿಂತದ್ದೂ ಅಷ್ಟೇ ನಿಜ. ನಮ್ಮ ದಂಡೆಯ ಲೆಕ್ಕ ಇನ್ನೂ ಬಿಗಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಊರುಗಳೇ ಎದ್ದುಹೋಗಿ, 2005ರಲ್ಲಿ ಅಲ್ಲಿ ಐಎನ್ಎಸ್ ಕದಂಬ ಆರಂಭವಾಯಿತು. ಉಳಿದ ದಂಡೆ ಮೀನುಗಾರರ ದೋಣಿ, ಬಲೆ, ಒಣಮೀನಿಗೆ ಬೇಕು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸಾಲದ್ದಕ್ಕೆ, ಮರಳುದಿಬ್ಬಗಳನ್ನು ಮೋಜಿಗಾಗಿ ಮಟ್ಟ ಮಾಡುವುದನ್ನು 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯೇ ನಿಷೇಧಿಸಿತು. ಸ್ಕಾಟ್ಲೆಂಡಿನಲ್ಲಿ ಆಟಕ್ಕೆ ಜನ್ಮಕೊಟ್ಟಂಥ ನೆಲವನ್ನು ನಮ್ಮಲ್ಲಿ ಕಾನೂನು ಕಾಯುತ್ತಿದೆ. ಕಾಯಬೇಕಾದದ್ದೇ; ಅಲೆಯ ಹೊಡೆತಕ್ಕೆ ಹಿಂದಿನ ಊರಿಗಿರುವ ಮೊದಲ ತಡೆ ಆ ದಿಬ್ಬ.

ಹಾಗೆಂದು ಹುಡುಗರ ಆಸೆಗೆ ನಾನು ಅಡ್ಡ ಬರುವವನಲ್ಲ. 18 ಹೋಲಿಗೆ ನೂರಕ್ಕೂ ಹೆಚ್ಚು ಎಕರೆ ಬೇಕು, ಹೊಡೆತ ಕಲಿಯುವ ಡ್ರೈವಿಂಗ್ ರೇಂಜಿಗೆ 250 ಮೀಟರ್ ಉದ್ದದ ಒಂದು ಬಯಲು ಸಾಕು. ದಂಡೆಯಿಂದ ದೂರದಲ್ಲಿ ಚಿರೇಕಲ್ಲು ತೆಗೆದು ಬಿಟ್ಟ ಜಾಗವಿದ್ದರೆ ಅಲ್ಲಿ ಮಾಡಲಿ. ಆದರೆ ಹುಲ್ಲು ತರಿಸುವ ಮೊದಲು ಒಂದು ಪೂರ್ತಿ ಮಳೆಗಾಲ ಅಲ್ಲಿ ನಿಂತು, ನೀರು ಎತ್ತ ಹರಿಯುತ್ತದೆಂದು ನೋಡಲಿ. ದಿಬ್ಬವನ್ನೂ ಗಜನಿಯನ್ನೂ ಮಾತ್ರ ಯಾರೂ ಮುಟ್ಟಬಾರದು.